ತಿಮಿಂಗಿಲದ ಊಟಕ್ಕೆ ಮೊದಲ ಪಂಕ್ತಿ, ಕೊನೆಯ ಪಂಕ್ತಿ

2017ರ ಸೆಪ್ಟೆಂಬರ್‌ನಲ್ಲಿ ರಷ್ಯಾದ ಈಶಾನ್ಯ ತುದಿಯ ರ‍್ಯಾಂಗಲ್ ದ್ವೀಪದ ಬಳಿ ಸಾಗುತ್ತಿದ್ದ ಪ್ರವಾಸಿ ಹಡಗೊಂದಕ್ಕೆ ದಡದಲ್ಲಿ 200ಕ್ಕೂ ಹೆಚ್ಚು ಹಿಮಕರಡಿಗಳು ಕಂಡವು. ಸಾಮಾನ್ಯವಾಗಿ ಒಂಟಿಯಾಗಿ ಅಲೆಯುವ ಪ್ರಾಣಿ ಇದು. ಅಷ್ಟನ್ನೂ ಒಂದೆಡೆ ಸೇರಿಸಿದ್ದು ದಡಕ್ಕೆ ಬಂದು ಬಿದ್ದಿದ್ದ ಒಂದು ಬೋಹೆಡ್ ತಿಮಿಂಗಿಲದ ಹೆಣ.

ಆದರೆ ಸತ್ತ ತಿಮಿಂಗಿಲಗಳಲ್ಲಿ ಹೆಚ್ಚಿನವು ದಡ ಸೇರುವುದಿಲ್ಲ, ಮುಳುಗಿಹೋಗುತ್ತವೆ. ಮೀನು, ಏಡಿಗಳೆಲ್ಲ ತಿಂದು ಮುಗಿಸಿದ ಮೇಲೆ, ಕೊನೆಯ ಪಂಕ್ತಿಗೆ ಒಂದು ಹುಳು ಬರುತ್ತದೆ. 2002ರಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯಲ್ಲಿ, 2,891 ಮೀಟರ್ ಆಳದಲ್ಲಿ, ತಿಮಿಂಗಿಲದ ಮೂಳೆಗಳ ಮೇಲೆ ಅದು ಮೊದಲು ಕಣ್ಣಿಗೆ ಬಿತ್ತು. ಎರಡು ವರ್ಷದ ನಂತರ ಒಸೆಡಾಕ್ಸ್ ಎಂದು ಹೆಸರಿಟ್ಟರು. ಮೂಳೆಬಾಕ ಎನ್ನಬಹುದು.

ಮೂಳೆಬಾಕ ಸರಿ, ಆದರೆ ಇದಕ್ಕೆ ಬಾಯಿಯೇ ಇಲ್ಲ. ಹೊಟ್ಟೆಯೂ ಇಲ್ಲ! ನೀರಿನಲ್ಲಿ ಬಳುಕುವ ಕೆಂಪು ಗರಿಗಳು ಉಸಿರಾಟಕ್ಕೆ. ಇನ್ನೊಂದು ತುದಿ ಬೇರಿನ ಹಾಗೆ ಕವಲೊಡೆದು ಮೂಳೆಯೊಳಗೆ ಇಳಿಯುತ್ತದೆ. ಬೇರು ಆಮ್ಲ ಸುರಿಸಿ ಮೂಳೆ ಕರಗಿಸುತ್ತದೆ. ತಿಮಿಂಗಿಲದ ಮೂಳೆಯಲ್ಲಿ ಎಣ್ಣೆ ಜಾಸ್ತಿ, ಜೊತೆಗೆ ಕೊಲಾಜೆನ್ ಎಂಬ ಪ್ರೋಟೀನ್ ಬೇರೆ. ಇವನ್ನು ಅರಗಿಸಿಕೊಳ್ಳಲು ಬೇರಿನೊಳಗೇ ಮನೆ ಮಾಡಿಕೊಂಡ ಬ್ಯಾಕ್ಟೀರಿಯಾಗಳ ನೆರವಿದೆ.

ಕರಡಿ ಎಲ್ಲವನ್ನೂ ತಾನೇ ಮಾಡಿಕೊಳ್ಳಬೇಕು. ಒಂದು ಸಲಕ್ಕೆ ತನ್ನ ತೂಕದ ಐದನೇ ಒಂದು ಪಾಲನ್ನು ಹೊಟ್ಟೆಗಿಳಿಸಬಲ್ಲದು. ಅದಕ್ಕೆ ಬೇಕಾದದ್ದು ಮುಖ್ಯವಾಗಿ ಕೊಬ್ಬು. ಅಷ್ಟು ಕೊಬ್ಬು ತಿಂದರೆ ನಮ್ಮ ಹೃದಯ ಕೈಕೊಡುತ್ತದೆ, ಅಲ್ವಾ? ಕರಡಿಗೇಕೆ ಏನೂ ಆಗುವುದಿಲ್ಲ? 2014ರಲ್ಲಿ ಅದರ ಜೀನೋಮ್ (ಜೀನ್‌ಗಳ ಇಡೀ ಸಂಚಯ) ಓದಿದವರಿಗೆ, ರಕ್ತದಲ್ಲಿ ಕೊಬ್ಬನ್ನು ಸಾಗಿಸುವ ಪ್ರೋಟೀನ್ ತಯಾರಿಸುವ ಎಪಿಒಬಿ ಎಂಬ ಜೀನ್ ಕಂದುಕರಡಿಯದಕ್ಕಿಂತ ಬೇರೆಯಾಗಿ ಬದಲಾಗಿರುವುದು ಕಂಡಿತು.

ಸಂಸಾರದ ವಿಷಯದಲ್ಲಂತೂ ಎಲ್ಲ ಉಲ್ಟಾ. ಗಂಡು ಹಿಮಕರಡಿ ಹೆಣ್ಣಿನ ಎರಡು ಪಟ್ಟು ತೂಗುತ್ತದೆ. ಒಸೆಡಾಕ್ಸ್‌ನ ಹೆಚ್ಚಿನ ಜಾತಿಗಳಲ್ಲಿ ನಾವು ನೋಡುವ ಹುಳುವೆಲ್ಲ ಹೆಣ್ಣೇ. ಗಂಡುಗಳನ್ನು ನೋಡಲು ಮೈಕ್ರೋಸ್ಕೋಪ್ ಬೇಕು. ಹತ್ತಾರು ಗಂಡುಗಳು ಒಬ್ಬಳ ಮೈಸುತ್ತಲಿನ ಕೊಳವೆಯೊಳಗೇ ವಾಸ, ಮೂಳೆಯ ತಂಟೆಗೇ ಹೋಗುವುದಿಲ್ಲ. ಮೊಟ್ಟೆಯಿಂದ ತಂದ ಹಳದಿಯಲ್ಲೇ ಬದುಕು ಮುಗಿಸುತ್ತವೆ. ಇಷ್ಟು ಸೋಮಾರಿ ಗಂಡಂದಿರು ಬೇರೆ ಯಾವ ಪ್ರಾಣಿಯಲ್ಲಿದ್ದಾರೋ!

ಈ ಹುಳು ತಿಮಿಂಗಿಲವನ್ನೇ ನಂಬಿಕೊಂಡಿಲ್ಲ. ಸುಮಾರು 10 ಕೋಟಿ ವರ್ಷ ಹಿಂದಿನ ಪ್ಲೀಸಿಯೊಸಾರ್ ಎಂಬ ಕಡಲ ಸರೀಸೃಪದ ಪಳೆಯುಳಿಕೆಯಲ್ಲೂ ಇದು ಕೊರೆದ ರಂಧ್ರಗಳು ಸಿಕ್ಕಿವೆ. ಆಗಿನ್ನೂ ತಿಮಿಂಗಿಲಗಳೇ ಹುಟ್ಟಿರಲಿಲ್ಲ.

ಹಿಮಕರಡಿಗೆ ಅಂಥ ಅನುಕೂಲವಿಲ್ಲ. ಅದರ ನಿತ್ಯದ ಊಟ ಸೀಲ್, ಸೀಲ್ ಹಿಡಿಯಲು ಸಮುದ್ರದ ಮೇಲೆ ಮಂಜುಗಡ್ಡೆ ಬೇಕು. ಮಂಜು ಕರಗಿದರೂ ತಿಮಿಂಗಿಲದ ಹೆಣಗಳಿವೆಯಲ್ಲ ಎನ್ನಬಹುದೇ? ವಾಷಿಂಗ್ಟನ್ ವಿಶ್ವವಿದ್ಯಾಲಯದ ಕ್ರಿಸ್ಟಿನ್ ಲೈಡ್ರೆ ತಂಡ 2018ರಲ್ಲಿ ಈ ಲೆಕ್ಕ ಹಾಕಿತು. ಹಿಂದಿನ ಬಿಸಿಯುಗಗಳಲ್ಲಿ ಇಂಥ ಹೆಣಗಳು ಕರಡಿಗಳನ್ನು ಉಳಿಸಿರಬಹುದು. ಆದರೆ 20ನೇ ಶತಮಾನವೊಂದರಲ್ಲೇ ಮನುಷ್ಯರು ಸುಮಾರು 29 ಲಕ್ಷ ತಿಮಿಂಗಿಲಗಳನ್ನು ಕೊಂದಿದ್ದಾರೆ. ಈಗ ಆರ್ಕ್ಟಿಕ್‌ನ ಹೆಚ್ಚಿನ ಕಡೆ ದಡಕ್ಕೆ ಬರುವ ಹೆಣಗಳು ಸಾಲುವುದಿಲ್ಲ.