ಚಳಿಗೆ ಡೀಸೆಲ್ ಗಾಡಿ ಏಕೆ ಏಳುವುದಿಲ್ಲ
ಡಿಸೆಂಬರ್ ಬಂತೆಂದರೆ ಧಾರವಾಡದ ಕಡೆಯಿಂದ ನಮ್ಮ ಗ್ಯಾರೇಜಿಗೆ ಬೆಳಗಿನ ಏಳಕ್ಕೇ ಕರೆಗಳು ಶುರುವಾಗುತ್ತವೆ: ‘ಡೀಸೆಲ್ ಹೆಪ್ಪುಗಟ್ಟೇತ್ರಿ, ಗಾಡಿ ಚಾಲೂ ಆಗವಲ್ದು.’ ಗಾಡಿ ಚಾಲೂ ಆಗದಿರುವುದು ನಿಜ, ಡೀಸೆಲ್ ಹೆಪ್ಪುಗಟ್ಟಿರುವುದು ಮಾತ್ರ ಸುಳ್ಳು. ಡೀಸೆಲ್‌ನಲ್ಲಿರುವ ಮೇಣ ಹರಳಾಗಿ ಫಿಲ್ಟರ್ ಕಟ್ಟಿಕೊಳ್ಳುವ ಉಷ್ಣಾಂಶವು ಚಳಿಗಾಲದ ಇಂಧನದಲ್ಲಿ 6 ಡಿಗ್ರಿ ಸೆಲ್ಸಿಯಸ್ ಮೀರಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ನಮ್ಮ ಬೆಳಗುಗಳು ಅಷ್ಟು ಕೆಳಗೆ ಇಳಿಯುವುದಿಲ್ಲ.

ಡೀಸೆಲ್ ಎಂಜಿನ್‌ನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇರುವುದಿಲ್ಲ. ಪಿಸ್ಟನ್ ಗಾಳಿಯನ್ನು ಒತ್ತಿ ಕಾಯಿಸಿದಾಗ, ಆ ಬಿಸಿಗೇ ಇಂಧನ ಹೊತ್ತಿಕೊಳ್ಳಬೇಕು. ಸಿಲಿಂಡರ್ ತಣ್ಣಗಿದ್ದರೆ ಅದರ ಗೋಡೆಗಳೇ ಆ ಬಿಸಿಯನ್ನು ಹೀರುತ್ತವೆ. ಎಂಜಿನ್ ನಿಧಾನವಾಗಿ ತಿರುಗಿದಷ್ಟೂ ಬಿಸಿಯೂ ಒತ್ತಡವೂ ಸೋರಿಹೋಗುತ್ತವೆ. ಆದ್ದರಿಂದ ನಾನು ಡೀಸೆಲ್ ಟ್ಯಾಂಕಿಗಿಂತ ಮೊದಲು ಬ್ಯಾಟರಿಯನ್ನು ನೋಡುತ್ತೇನೆ. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಪೂರ್ತಿ ಚಾರ್ಜ್ ಇದೆಯೆಂದು ಅರ್ಥ, 12.2 ತೋರಿಸಿದರೆ ಅರ್ಧ ಖಾಲಿ. ಬೇಸಿಗೆಯಲ್ಲಿ ಆ ಅರ್ಧದಲ್ಲೇ ನಡೆದುಹೋಗುತ್ತದೆ, ಎಂಜಿನ್ ಆಯಿಲ್ ಮಂದವಾಗುವ ಚಳಿಯಲ್ಲಿ ಸಾಲುವುದಿಲ್ಲ.

ಎರಡನೆಯ ಅನುಮಾನ ಗ್ಲೋ ಪ್ಲಗ್ ಮೇಲೆ, ಅಂದರೆ ಕಿಡಿ ಹಾರಿಸದೆ ಸಿಲಿಂಡರಿನ ಒಳಗನ್ನು ಮೊದಲೇ ಕಾಯಿಸುವ ಪ್ಲಗ್. ನಾಲ್ಕರಲ್ಲಿ ಎರಡು ಸತ್ತರೂ ಗಾಡಿ ಹೇಗೋ ಏಳುತ್ತದೆ, ಆದರೆ ನಡುಗುತ್ತ ಬಿಳಿ ಹೊಗೆ ಉಗುಳುತ್ತದೆ. ಆ ಹೊಗೆ ಸುಡದೆ ಹೊರಬಂದ ಡೀಸೆಲ್. ಎಷ್ಟೋ ಸಲ ಪ್ಲಗ್‌ಗಳು ಸರಿಯಾಗಿಯೇ ಇರುತ್ತವೆ, ಡ್ಯಾಶ್‌ಬೋರ್ಡಿನ ಸುರುಳಿ ದೀಪ ಆರುವವರೆಗೆ ಕಾಯುವ ತಾಳ್ಮೆ ಚಾಲಕರಿಗೆ ಇರುವುದಿಲ್ಲ. ಸೆಲ್ಫ್ ಅನ್ನು ಹತ್ತು ಸೆಕೆಂಡಿಗಿಂತ ಹೆಚ್ಚು ಹೊಡೆಯದೆ, ನಡುವೆ ಅರ್ಧ ನಿಮಿಷವಾದರೂ ಬಿಡಬೇಕು. ಎಂಜಿನ್‌ಗೆ ಡೀಸೆಲ್ ಎಳೆದುಕೊಡುವ ಕೈಪಂಪು ಒತ್ತಿದ ಮೇಲಷ್ಟೇ ಗಾಡಿ ಎದ್ದರೆ ಎಲ್ಲೋ ಪೈಪು ಏರ್ ಎಳೆಯುತ್ತಿದೆ. ಚಳಿಗೆ ಬಿರುಸಾದ ಹಳೆಯ ರಬ್ಬರಿನಲ್ಲಿ ಇದು ಸಾಮಾನ್ಯ.

ಬ್ಯಾಡಗಿಯ ಮೆಣಸಿನಕಾಯಿ ಹೇರಿಕೊಂಡು ಉತ್ತರಕ್ಕೆ ಹೋಗುವ ಲಾರಿಗಳ ಲೆಕ್ಕ ಬೇರೆ. ಇಲ್ಲಿ ತುಂಬಿಸಿದ ದೊಡ್ಡ ಟ್ಯಾಂಕಿನ ಡೀಸೆಲ್ ಅಲ್ಲಿಯ ಚಳಿಗೆ ನಿಜಕ್ಕೂ ಕೈಕೊಡಬಹುದು. ಟ್ಯಾಂಕನ್ನು ಆದಷ್ಟು ಬರಿದಾಗಿಸಿಕೊಂಡು ಹೋಗಿ ಅಲ್ಲಿಯೇ ತುಂಬಿಸುವುದು ಲೇಸು. ಲಡಾಖ್‌ಗೆಂದೇ 2019ರ ನವೆಂಬರಿನಲ್ಲಿ ಇಂಡಿಯನ್ ಆಯಿಲ್ ಬಿಡುಗಡೆ ಮಾಡಿದ ಚಳಿಗಾಲದ ಡೀಸೆಲ್ ಮೈನಸ್ 33 ಡಿಗ್ರಿಯವರೆಗೂ ಹರಿಯುತ್ತದೆ. ಸೀಮೆಎಣ್ಣೆ ಬೆರೆಸುವ ಹಳೆಯ ಚಾಲಕರ ಉಪಾಯವನ್ನು ಮಾತ್ರ ಈಗಿನ ಗಾಡಿಗಳಲ್ಲಿ ಮಾಡಲೇಬಾರದು, ಏಕೆಂದರೆ ಅಧಿಕ ಒತ್ತಡದ ಪಂಪಿಗೂ ಇಂಜೆಕ್ಟರ್‌ಗಳಿಗೂ ಡೀಸೆಲ್ಲೇ ಜಾರೆಣ್ಣೆ, ಸೀಮೆಎಣ್ಣೆಗೆ ಆ ಜಾರುಗುಣವಿಲ್ಲ.