ಎಲೆಕ್ಟ್ರಾನ್‌ಗಳ ಜಗಳವನ್ನು ಅಳೆಯುವುದು ಹೇಗೆ?

ಪ್ರಶ್ನೆ: ಎಲೆಕ್ಟ್ರಾನ್‌ಗಳು ಒಂದನ್ನೊಂದು ದೂಡುತ್ತವೆ ಅಂತ ಓದಿದ್ದೇವೆ. ಸೂಪರ್‌ಕಂಡಕ್ಟರ್ ಒಳಗೆ ಅವು ಎಷ್ಟು ಜೋರಾಗಿ ದೂಡುತ್ತವೆ ಅಂತ ಗೊತ್ತಾಗುವುದು ಹೇಗೆ ಸರ್? ಒಳಗೆ ಹೋಗಿ ನೋಡ್ಲಿಕ್ಕೆ ಆಗುವುದಿಲ್ಲ ಅಲ್ವಾ? – ಪಿಯುಸಿ ವಿದ್ಯಾರ್ಥಿನಿ, ಉಡುಪಿ

ಮಂಗಳೂರಿನಲ್ಲಿ ಮಕ್ಕಳೆದುರು ಕಪ್ಪು ಬಿಲ್ಲೆಯ ಮೇಲೆ ದ್ರವ ನೈಟ್ರೋಜನ್ ಸುರಿದು, ಮ್ಯಾಗ್ನೆಟ್ ತೇಲಿಸಿ ತೋರಿಸಿದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ನನಗೆ ತುಂಬ ಇಷ್ಟದ ಪ್ರಶ್ನೆ.

ಆ ಬಿಲ್ಲೆ ಒಂದು ಸೂಪರ್‌ಕಂಡಕ್ಟರ್, ಅಂದರೆ ತುಂಬ ತಣ್ಣಗಾದಾಗ ಕರೆಂಟು ಯಾವ ತಡೆಯೂ ಇಲ್ಲದೆ ಹರಿಯುವ ವಸ್ತು. ಅದರಲ್ಲಿ ತಾಮ್ರ, ಆಕ್ಸಿಜನ್, ಇಟ್ರಿಯಂ, ಬೇರಿಯಂ ಇವೆ. ಈ ಜಾತಿಯ ಮೊದಲ ವಸ್ತುವನ್ನು 1986ರಲ್ಲಿ ಕಂಡುಹಿಡಿದವರು ಬೆಡ್ನೋರ್ಜ್ ಮತ್ತು ಮುಲ್ಲರ್. ಮರುವರ್ಷವೇ ನೊಬೆಲ್ ಬಂತು. ಅವರದು ಲ್ಯಾಂಥನಂ ಮತ್ತು ತಾಮ್ರದ ಆಕ್ಸೈಡಿಗೆ ಬೇರಿಯಂ ಬೆರೆಸಿದ್ದು. ಏನೂ ಬೆರೆಸದಿದ್ದರೆ ಆ ಆಕ್ಸೈಡಿನಲ್ಲಿ ಕರೆಂಟೇ ಹರಿಯುವುದಿಲ್ಲ! ಎಲೆಕ್ಟ್ರಾನ್‌ಗಳ ದೂಡಾಟವನ್ನು ಸರಿಯಾಗಿ ಎಣಿಸದ ಹಳೆಯ ಲೆಕ್ಕದ ಪ್ರಕಾರ ಹರಿಯಲೇಬೇಕಿತ್ತು.

ನಿಮ್ಮೂರಿನ ಮಠದ ಊಟದ ಪಂಕ್ತಿ ನೆನಪಿಸಿಕೊಳ್ಳಿ. ಎಲೆಗೊಬ್ಬರು ಕೂತಿದ್ದಾರೆ. ಪಕ್ಕಕ್ಕೆ ಸರಿಯೋಣ ಅಂದರೆ ಅಲ್ಲೂ ಒಬ್ಬರಿದ್ದಾರೆ. ಒಂದೇ ಎಲೆಗೆ ಇಬ್ಬರು ಕೂರುವ ಹಾಗಿಲ್ಲ. ಇಡೀ ಸಾಲು ಇದ್ದಲ್ಲೇ ಇರುತ್ತದೆ. ತಾಮ್ರದ ಪ್ರತಿ ಪರಮಾಣುವಿನಲ್ಲೂ ಹೀಗೇ ಒಂದು ಒಂಟಿ ಎಲೆಕ್ಟ್ರಾನ್. ಒಂದೇ ಎಲೆಗೆ ಇಬ್ಬರನ್ನು ಕೂರಿಸಲು ಬೇಕಾಗುವ ಶಕ್ತಿ ಇದೆಯಲ್ಲ, ನೀವು ಕೇಳಿದ್ದು ಅದನ್ನೇ.

ಅಳೆಯುವ ಉಪಾಯ 1977ರ ಸುಮಾರಿಗೆ ಮಿಕೇಲೆ ಚೀನಿ ಮತ್ತು ಜಾರ್ಜ್ ಸವಾಟ್‌ಸ್ಕಿ ಎಂಬಿಬ್ಬರು ವಿಜ್ಞಾನಿಗಳು ಬೇರೆಬೇರೆಯಾಗಿ ತೋರಿಸಿದ್ದು. ಎಕ್ಸ್‌ರೇ ಕಿರಣ ಬಿದ್ದಾಗ ತಾಮ್ರದ ಒಳಪದರದ ಎಲೆಕ್ಟ್ರಾನ್ ಒಂದು ಹೊರಗೆ ಎಸೆಯಲ್ಪಡುತ್ತದೆ. ಆ ಗುಂಡಿಗೆ ಮೇಲಿನಿಂದ ಇನ್ನೊಂದು ಬೀಳುತ್ತದೆ. ಬಿದ್ದಾಗ ಮಿಕ್ಕ ಶಕ್ತಿ ಮತ್ತೊಂದು ಎಲೆಕ್ಟ್ರಾನಿಗೆ ಸಿಕ್ಕಿ, ಅದು ಹೊರಗೆ ಹಾರುತ್ತದೆ. ಓಜೇ ಎಲೆಕ್ಟ್ರಾನ್ ಅಂದರೆ ಇದೇ. ಈಗ ಒಂದೇ ಪರಮಾಣುವಿನ ಮೇಲ್ಪದರದಲ್ಲಿ ಎರಡು ಖಾಲಿ ಜಾಗ. ಖಾಲಿ ಜಾಗಗಳೂ ಎಲೆಕ್ಟ್ರಾನ್‌ಗಳ ಹಾಗೆ ಒಂದನ್ನೊಂದು ದೂಡುತ್ತವೆ. ಆ ಜಗಳದ ಖರ್ಚು ಹಾರಿಹೋಗುವ ಎಲೆಕ್ಟ್ರಾನಿನ ಗಂಟಿನಿಂದಲೇ ಕಳೆಯುತ್ತದೆ. ಅದು ಸ್ವಲ್ಪ ನಿಧಾನವಾಗಿ ಹೊರಬರುತ್ತದೆ. ಒಂದೇ ಒಂದು ಜಾಗ ಖಾಲಿ ಮಾಡುವ ಖರ್ಚನ್ನು ಬೇರೆಯಾಗಿ ಅಳೆದಿಟ್ಟಿರುತ್ತಾರೆ. ಅದರ ಎರಡರಷ್ಟಕ್ಕೂ ಒಂದೇ ಪರಮಾಣುವಿನಲ್ಲಿ ಎರಡು ಜಾಗ ಖಾಲಿಯಾದ ಖರ್ಚಿಗೂ ಎಷ್ಟು ವ್ಯತ್ಯಾಸವೋ ಅಷ್ಟೇ ದೂಡುವ ಶಕ್ತಿ.

ತಾಮ್ರದ ಆಕ್ಸೈಡ್‌ಗಳಲ್ಲಿ ಅದು ಸುಮಾರು 8 ಎಲೆಕ್ಟ್ರಾನ್ ವೋಲ್ಟ್ (ಎಲೆಕ್ಟ್ರಾನ್‌ಗಳ ಶಕ್ತಿಯನ್ನು ಅಳೆಯುವ ಮಾನ). ನಮ್ಮ ಕರಾವಳಿಯ ಮೇ ತಿಂಗಳ ಸೆಕೆ ಕೊಡುವುದು ಸುಮಾರು 0.026 ಮಾತ್ರ. 300 ಪಟ್ಟು ಜಾಸ್ತಿ! ಪಂಕ್ತಿ ಅಲುಗಾಡದೆ ಕೂತಿರುವುದು ಸುಮ್ನೆ ಅಲ್ಲ.

ಲ್ಯಾಂಥನಂ ಬದಲು ಅಲ್ಲಲ್ಲಿ ಸ್ಟ್ರಾನ್ಶಿಯಂ ಸೇರಿಸಿದರೆ ಕೆಲವರು ಎದ್ದುಹೋದ ಹಾಗೆ. ಉಳಿದವರಿಗೆ ಸರಿಯಲು ಜಾಗ ಸಿಗುತ್ತದೆ, ಸುಮಾರು 38 ಕೆಲ್ವಿನ್‌ನಲ್ಲಿ (ಮೈನಸ್ 235 ಡಿಗ್ರಿ ಸೆಲ್ಸಿಯಸ್) ಸೂಪರ್‌ಕಂಡಕ್ಟರ್ ಆಗುತ್ತದೆ. ಆಗ ಎಲೆಕ್ಟ್ರಾನ್‌ಗಳು ಜೋಡಿಯಾಗಿ ಓಡಾಡುತ್ತವೆ. ಇಷ್ಟು ಜೋರಾಗಿ ದೂಡಿಕೊಳ್ಳುವವು ಜೋಡಿ ಕಟ್ಟುವುದು ಯಾಕೆ ಅಂತ ವಿಜ್ಞಾನಿಗಳು ಇವತ್ತಿಗೂ ವಾದ ಮಾಡುತ್ತಿದ್ದಾರೆ.