ದೇವರಿಗೆ ಹಸಿವಾದರೆ: ಕ್ರಿಸ್ತನ ದೈವತ್ವ–ಮನುಷ್ಯತ್ವದ ವಿವಾದ ಬೆಳೆದು ಬಂದ ದಾರಿ

ಕ್ರಿ.ಶ. 112ರ ಸುಮಾರಿಗೆ, ಕಪ್ಪು ಸಮುದ್ರದ ದಕ್ಷಿಣ ದಂಡೆಯ ಬಿಥೀನಿಯಾ–ಪೊಂಟಸ್ ಪ್ರಾಂತ್ಯದ ರಾಜ್ಯಪಾಲನಾಗಿದ್ದ ಪ್ಲಿನಿ ರೋಮ್ ಚಕ್ರವರ್ತಿ ಟ್ರೇಜನ್‌ಗೆ ಒಂದು ಪತ್ರ ಬರೆದ. ಕ್ರೈಸ್ತರೆಂಬ ದೂರಿನ ಮೇಲೆ ಜನರನ್ನು ಹಿಡಿದು ತರುತ್ತಿದ್ದಾರೆ, ಇವರನ್ನು ಏನು ಮಾಡಲಿ ಎಂಬುದು ಪತ್ರದ ತಿರುಳು. ಇಬ್ಬರು ದಾಸಿಯರಿಗೆ ಚಿತ್ರಹಿಂಸೆ ಕೊಟ್ಟು ಬಾಯಿ ಬಿಡಿಸಲು ನೋಡಿದ್ದನ್ನೂ ಅವನು ಮುಚ್ಚಿಡುವುದಿಲ್ಲ. ವಿಚಾರಣೆಯಲ್ಲಿ ಗೊತ್ತಾದದ್ದು ಇಷ್ಟು: ಈ ಜನ ಗೊತ್ತುಪಡಿಸಿದ ದಿನ ಬೆಳಕು ಹರಿಯುವ ಮುನ್ನ ಒಂದೆಡೆ ಸೇರುತ್ತಾರೆ, ಕ್ರಿಸ್ತನನ್ನು ದೇವರೆಂಬಂತೆ ಸ್ತುತಿಸಿ ಹಾಡುತ್ತಾರೆ, ಕಳವು–ವ್ಯಭಿಚಾರ ಮಾಡುವುದಿಲ್ಲವೆಂದು ಆಣೆ ಇಟ್ಟುಕೊಳ್ಳುತ್ತಾರೆ.

ಯೇಸುವನ್ನು ಶಿಲುಬೆಗೇರಿಸಿ ಆಗ ಹೆಚ್ಚೂಕಡಿಮೆ ಎಂಬತ್ತು ವರ್ಷ. ಆತ ಯಾವ ಅರ್ಥದಲ್ಲಿ ದೇವರು, ಯಾವ ಅರ್ಥದಲ್ಲಿ ಮನುಷ್ಯ ಎಂದು ಬಿಷಪ್ಪರ ಯಾವ ಮಹಾಸಭೆಯೂ ತೀರ್ಮಾನಿಸಿರಲಿಲ್ಲ. ಆದರೆ ಹಾಡು ಶುರುವಾಗಿಬಿಟ್ಟಿತ್ತು. ಇನ್ನೂ ಹಿಂದಕ್ಕೆ ಹೋದರೆ, ಆದಿ ಕ್ರೈಸ್ತ ಪ್ರಚಾರಕ ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿ, ದೇವಸ್ವರೂಪನಾಗಿದ್ದವನು ತನ್ನನ್ನು ಬರಿದುಮಾಡಿಕೊಂಡು ದಾಸನ ರೂಪ ತಳೆದ ಎಂಬ ಸಾಲುಗಳಿವೆ. ಅವು ಪತ್ರಕ್ಕಿಂತಲೂ ಹಳೆಯದಾದ ಸ್ತುತಿಗೀತೆಯೊಂದರವು ಎಂದು ಅನೇಕ ವಿದ್ವಾಂಸರು ಭಾವಿಸುತ್ತಾರೆ. ಮೊದಲು ಆರಾಧನೆ, ಆಮೇಲೆ ವಿವರಣೆ. ಈ ಕ್ರಮ ನೆನಪಿನಲ್ಲಿರದಿದ್ದರೆ ಮುಂದಿನ ಆರು ಶತಮಾನಗಳ ಗುದ್ದಾಟ ಬರೀ ಪಂಡಿತರ ಕೂದಲು ಸೀಳುವಿಕೆಯಾಗಿ ಕಂಡೀತು.

ತೊಡಕು ಎಲ್ಲಿತ್ತು? ದೇವರು ಒಬ್ಬನೇ ಎಂಬುದು ಯೆಹೂದ್ಯರಿಂದ ಬಂದ ಬಳುವಳಿ. ದೇವರು ಬದಲಾಗುವುದಿಲ್ಲ, ನೋವುಣ್ಣುವುದಿಲ್ಲ ಎಂಬುದು ಗ್ರೀಕ್ ತತ್ತ್ವಶಾಸ್ತ್ರ ಕಲಿಸಿದ ಪಾಠ. ಈ ಎರಡನ್ನೂ ತಲೆಯಲ್ಲಿಟ್ಟುಕೊಂಡು, ಯೇಸುವಿನ ಬಾಳನ್ನು ಹೇಳುವ ಸುವಾರ್ತೆಗಳನ್ನು ಓದಲು ಕೂತವನಿಗೆ ಹೆಜ್ಜೆಹೆಜ್ಜೆಗೂ ಎಡವುಗಲ್ಲು. ಯೇಸುವಿಗೆ ಅಡವಿಯಲ್ಲಿ ಹಸಿವಾಗುತ್ತದೆ. ದಣಿದು ಬಾವಿಕಟ್ಟೆಯಲ್ಲಿ ಕೂರುತ್ತಾನೆ, ದೋಣಿಯಲ್ಲಿ ನಿದ್ದೆಹೋಗುತ್ತಾನೆ, ಗೆಳೆಯನ ಸಮಾಧಿಯ ಬಳಿ ಅಳುತ್ತಾನೆ. ಕಡೆಯ ದಿನ ಯಾವಾಗೆಂಬುದು ಮಗನಿಗೂ, ಎಂದರೆ ತನಗೂ, ತಿಳಿಯದು ಎನ್ನುತ್ತಾನೆ. ಅದೇ ಪುಸ್ತಕಗಳಲ್ಲಿ ಆತ ಪಾಪಗಳನ್ನು ಕ್ಷಮಿಸುತ್ತಾನೆ, ಬಿರುಗಾಳಿಗೆ ಸುಮ್ಮನಿರು ಎನ್ನುತ್ತಾನೆ. ಮುಂದೆ ಹುಟ್ಟಿದ ಪ್ರತಿಯೊಂದು ಪಂಥವೂ ಈ ಪಟ್ಟಿಯಲ್ಲಿ ಯಾವುದಾದರೊಂದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಲು ನೋಡಿದ್ದೇ.

ಮೊದಲು ಪಕ್ಕಕ್ಕೆ ಸರಿದದ್ದು ಮನುಷ್ಯತ್ವ. ಇಂದಿನ ಓದುಗರಿಗೆ ಇದು ಅಚ್ಚರಿ ತರಬಹುದು, ಏಕೆಂದರೆ ಈಗಿನ ಸಂಶಯವೆಲ್ಲ ದೈವತ್ವದ ಮೇಲೆ. ಆದರೆ ಒಂದನೆಯ ಶತಮಾನದ ಕೊನೆಗೇ ಕೆಲವರು, ಕ್ರಿಸ್ತನಿಗೆ ದೇಹವಿದ್ದಂತೆ ತೋರಿತಷ್ಟೆ, ನೋವೂ ತೋರಿಕೆಯದು ಎಂದು ಹೇಳತೊಡಗಿದ್ದರು. ಅಂದಿನ ಸಿರಿಯಾದ ನಗರ ಅಂತಿಯೋಕ್ಯದ ಬಿಷಪ್ ಇಗ್ನೇಷಿಯಸ್ ಇವರಿಗೆ ಕೊಟ್ಟ ಉತ್ತರದಲ್ಲಿ ಶಾಸ್ತ್ರಕ್ಕಿಂತ ಸಿಟ್ಟು ಹೆಚ್ಚು. ಅವನನ್ನು ಮೃಗಗಳ ಬಾಯಿಗೆ ಕೊಡಲು ರೋಮ್‌ಗೆ ಎಳೆದೊಯ್ಯುತ್ತಿದ್ದರು. ಕ್ರಿಸ್ತನ ಯಾತನೆ ಬರೀ ತೋರಿಕೆಯಾದರೆ ನನಗೆ ಈ ಸಂಕೋಲೆ ಯಾಕೆ ಎಂದು ದಾರಿಯಿಂದಲೇ ಕೇಳಿದ. ಇನ್ನೊಂದು ಕೊನೆಯಲ್ಲಿ, ಯೇಸು ದೇವರು ಆರಿಸಿಕೊಂಡ ನೀತಿವಂತ ಮನುಷ್ಯ, ಅಷ್ಟೇ ಎಂದ ಎಬಿಯೋನೈಟರಿದ್ದರು. ಎರಡೂ ಪಂಥಗಳು ಮುಖ್ಯಧಾರೆಯಾಗಲಿಲ್ಲ.

ನಿಜವಾದ ಬಿರುಕು ಕಾಣಿಸಿಕೊಂಡದ್ದು 318ರ ಸುಮಾರಿಗೆ, ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ. ಏರಿಯಸ್ ಎಂಬ ಪಾದ್ರಿ ಕ್ರಿಸ್ತನನ್ನು ಬರೀ ಮನುಷ್ಯ ಎಂದ ಎಂಬುದು ಇಂದಿಗೂ ಓಡಾಡುತ್ತಿರುವ ತಪ್ಪು ಮಾತು. ಅವನ ಪ್ರಕಾರ ಮಗನು ಲೋಕ ಹುಟ್ಟುವ ಮುಂಚಿನವನು, ಲೋಕವನ್ನೇ ಸೃಷ್ಟಿಸಿದವನು. ಆದರೆ ತಾನೂ ತಂದೆಯಿಂದ ಸೃಷ್ಟಿಯಾದವನು. 'ಅವನಿಲ್ಲದ ಒಂದು ಕಾಲವಿತ್ತು' ಎಂಬುದು ಅವನ ಪಂಗಡದ ಘೋಷಣೆ. ಹಸಿಯುವ, ಅಳುವ, ಕಡೆಯ ದಿನವನ್ನರಿಯದ ಮಗನು ಪರಮದೇವನಿಗಿಂತ ಒಂದು ಮೆಟ್ಟಿಲು ಕೆಳಗೆ ಇರಲೇಬೇಕಲ್ಲ ಎಂಬ ತರ್ಕ ಸರಳವಾಗಿತ್ತು. ಏರಿಯಸ್ ಅದನ್ನು ಪದ್ಯಗಳಲ್ಲಿ ಹೆಣೆದು ಜನರ ನಾಲಿಗೆಗೂ ತಲುಪಿಸಿದ.

325ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಇಂದಿನ ತುರ್ಕಿಯ ಇಜ್ನಿಕ್ ಆಗಿರುವ ನೈಸಿಯಾದಲ್ಲಿ ಬಿಷಪ್ಪರ ಸಭೆ ಕರೆದ. ಅಲ್ಲಿ ಮತ ಹಾಕಿ ಯೇಸುವನ್ನು ದೇವರನ್ನಾಗಿ ಮಾಡಲಾಯಿತು ಎಂಬ ಕಥೆಗೆ ಆಧಾರವಿಲ್ಲ. ಬೈಬಲ್‌ನಲ್ಲಿ ಯಾವ ಪುಸ್ತಕ ಇರಬೇಕೆಂಬುದನ್ನು ಅಲ್ಲಿ ನಿರ್ಧರಿಸಿದರು ಎಂಬುದೂ ಹಾಗೆಯೇ. ಎರಡೂ ಪಕ್ಷದವರು ಆತನನ್ನು ಆರಾಧಿಸುತ್ತಲೇ ಬಂದವರು. ಜಗಳವಿದ್ದದ್ದು ಆ ದೈವತ್ವ ತಂದೆಯದಕ್ಕೆ ಸಮನೋ, ಎರವಲು ಪಡೆದದ್ದೋ ಎಂಬಲ್ಲಿ. ಮಗನು ತಂದೆಯೊಂದಿಗೆ 'ಏಕಸತ್ವ'ನು ಎಂದು ಸಭೆ ಬರೆಯಿತು. ಬೈಬಲ್‌ನಲ್ಲಿಲ್ಲದ ಈ ಮಾತು ವಿಶ್ವಾಸ ಪ್ರಮಾಣಕ್ಕೆ, ಎಂದರೆ ನಂಬಿಕೆಯ ಅಧಿಕೃತ ಸೂತ್ರಕ್ಕೆ, ಸೇರಿದ್ದು ಅನೇಕ ಬಿಷಪ್ಪರಿಗೆ ಕಸಿವಿಸಿಯಾಗಿತ್ತು. ಸಹಿ ಹಾಕದ ಏರಿಯಸ್ ಮತ್ತು ಇಬ್ಬರು ಬಿಷಪ್ಪರು ಗಡಿಪಾರಾದರು.

ಜಗಳ ಅಲ್ಲಿಗೆ ಮುಗಿಯಲಿಲ್ಲ. ಕಾನ್‌ಸ್ಟಂಟೈನನೇ ಮನಸ್ಸು ಬದಲಿಸಿದ. 337ರಲ್ಲಿ ಸಾಯುವ ಹೊತ್ತಿಗೆ ಅವನಿಗೆ ದೀಕ್ಷಾಸ್ನಾನ ಮಾಡಿಸಿದ್ದು ಏರಿಯಸ್‌ನ ಹಳೆಯ ಬೆಂಬಲಿಗ, ನಿಕೋಮೀಡಿಯಾದ ಯುಸೇಬಿಯಸ್. ನೈಸಿಯಾದ ಪರ ನಿಂತ ಅಲೆಕ್ಸಾಂಡ್ರಿಯಾದ ಬಿಷಪ್ ಅಥನೇಷಿಯಸ್ 335ರಿಂದ 366ರ ನಡುವೆ ಐದು ಬಾರಿ ಗಡಿಪಾರಾದ. ಅವನ ವಾದದ ಬೆನ್ನೆಲುಬು ರಕ್ಷಣೆಯ ಪ್ರಶ್ನೆ. ಮನುಷ್ಯ ಸಾವಿನ ವಶವಾಗಿದ್ದಾನೆ, ಅವನನ್ನು ಬಿಡಿಸಿ ದೇವರೊಂದಿಗೆ ಒಂದುಗೂಡಿಸಬೇಕು. ತಾನೇ ಸೃಷ್ಟಿಯಾದವನು ಇನ್ನೊಂದು ಸೃಷ್ಟಿಯನ್ನು ದೇವರವರೆಗೆ ಎತ್ತಲಾರ. ಆದ್ದರಿಂದ ಇಳಿದು ಬಂದವನು ದೇವರೇ ಆಗಿರಬೇಕು. ನನಗೆ ಈ ಇಡೀ ವಿವಾದದ ಕೀಲಿಕೈ ಇಲ್ಲಿದೆ ಅನ್ನಿಸುತ್ತದೆ. ರಾಜಕೀಯ, ನಗರ–ನಗರಗಳ ಪೈಪೋಟಿ, ಅರಮನೆಯ ಒಳಸಂಚು ಎಲ್ಲ ಇದ್ದವು. ಆದರೆ ರಕ್ಷಕನಾಗಲು ಯಾರಿಂದ ಸಾಧ್ಯ ಎಂಬ ಪ್ರಶ್ನೆ ಹಿಂದಿಲ್ಲದಿದ್ದರೆ ಜನಸಾಮಾನ್ಯರು ಇದಕ್ಕೆ ಬೀದಿಗಿಳಿಯುತ್ತಿರಲಿಲ್ಲ.

ಇಳಿದದ್ದಂತೂ ನಿಜ. 380ರ ದಶಕದ ರಾಜಧಾನಿ ಕಾನ್‌ಸ್ಟಾಂಟಿನೋಪಲ್ ಬಗ್ಗೆ ನಿಸ್ಸಾದ ಗ್ರೆಗರಿ ತುಸು ಬೇಸರದಿಂದಲೇ ಹೇಳುತ್ತಾನೆ: ಚಿಲ್ಲರೆ ಕೇಳಿದರೆ ಹುಟ್ಟಿದವನು ಯಾರು, ಹುಟ್ಟದವನು ಯಾರು ಎಂದು ತತ್ತ್ವ ಶುರುಮಾಡುತ್ತಾರೆ, ರೊಟ್ಟಿಯ ಬೆಲೆ ಕೇಳಿದರೆ ತಂದೆ ದೊಡ್ಡವನು, ಮಗ ಕಿರಿಯ ಎನ್ನುತ್ತಾರೆ, ಸ್ನಾನಕ್ಕೆ ನೀರು ಕಾದಿದೆಯೇ ಎಂದರೆ ಮಗನು ಶೂನ್ಯದಿಂದ ಸೃಷ್ಟಿಯಾದನೆಂಬ ಉತ್ತರ ಬರುತ್ತದೆ. 381ರಲ್ಲಿ ಅದೇ ನಗರದಲ್ಲಿ ನಡೆದ ಮಹಾಸಭೆ ನೈಸಿಯಾದ ನಿಲುವನ್ನು ಗಟ್ಟಿಮಾಡಿತು.

ಕ್ರಿಸ್ತನು ಪೂರ್ತಿಯಾಗಿ ದೇವರೆಂದಾದ ಮೇಲೆ ಮನುಷ್ಯತ್ವದ ಗತಿಯೇನು? ಅಥನೇಷಿಯಸ್‌ನ ಗೆಳೆಯನೇ ಆಗಿದ್ದ ಲವೊದಿಕೀಯದ ಅಪೊಲಿನಾರಿಸ್ ಒಂದು ಜಾಣ ಪರಿಹಾರ ಕೊಟ್ಟ: ದೇಹ ಮನುಷ್ಯನದು, ಒಳಗಿನ ಬುದ್ಧಿಯ ಜಾಗದಲ್ಲಿ ದೈವೀ ವಾಕ್ಯವೇ, ಎಂದರೆ ದೇವರ ಮಗನೇ, ಇತ್ತು. ನಜಿಯಾನ್ಜಸ್‌ನ ಗ್ರೆಗರಿ ಇದನ್ನು ಒಂದೇ ಮಾತಿನಲ್ಲಿ ಉರುಳಿಸಿದ. ಯಾವುದನ್ನು ಆತ ಧರಿಸಲಿಲ್ಲವೋ ಅದು ವಾಸಿಯಾಗಲಿಲ್ಲ ಎಂದ. ಮನುಷ್ಯ ಮೊದಲು ಕೆಟ್ಟದ್ದೇ ಬುದ್ಧಿಯಲ್ಲಿ. ಅದನ್ನೇ ಬಿಟ್ಟು ಉಳಿದದ್ದನ್ನು ಧರಿಸಿದ ರಕ್ಷಕನಿಂದ ಏನು ಪ್ರಯೋಜನ? ಅಥನೇಷಿಯಸ್ ದೈವತ್ವದ ಪರವಾಗಿ ಹೂಡಿದ ವಾದವೇ ಈಗ ಮನುಷ್ಯತ್ವದ ಪರವಾಗಿ ತಿರುಗಿ ನಿಂತಿತ್ತು.

ಎರಡೂ ಪೂರ್ಣ ಎಂದು ಒಪ್ಪಿದವರ ನಡುವೆಯೇ ಮುಂದಿನ ಕಾಳಗ. 428ರಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಆರ್ಚ್‌ಬಿಷಪ್ ಆದ ನೆಸ್ಟೋರಿಯಸ್ ಅಂತಿಯೋಕ್ಯದ ಪರಂಪರೆಯವನು. ದೈವ ಮತ್ತು ಮಾನುಷವನ್ನು ಬೆರಕೆ ಮಾಡಬಾರದೆಂಬ ಎಚ್ಚರ ಆ ಪರಂಪರೆಗೆ ಹೆಚ್ಚು. ಮರಿಯಳನ್ನು 'ದೇವಮಾತೆ' ಎಂದು ಕರೆಯುವ ರೂಢಿ ಅವನಿಗೆ ಹಿಡಿಸಲಿಲ್ಲ. 'ಕ್ರಿಸ್ತಮಾತೆ' ಎನ್ನಿ ಎಂದ. ಎರಡು–ಮೂರು ತಿಂಗಳ ಕೂಸನ್ನು ದೇವರೆನ್ನಲಾರೆ ಎಂದು ಅವನು ಆಡಿದನೆಂಬ ಸಾಕ್ಷ್ಯವೂ ಬಂತು. ಅಲೆಕ್ಸಾಂಡ್ರಿಯಾದ ಬಿಷಪ್ ಸಿರಿಲ್‌ಗೆ ಇದು ಕ್ರಿಸ್ತನನ್ನೇ ಎರಡು ಹೋಳು ಮಾಡಿದಂತೆ ಕೇಳಿಸಿತು. ತೊಟ್ಟಿಲಲ್ಲಿ ಅಳುವವನೂ ಲೋಕವನ್ನು ಸೃಷ್ಟಿಸಿದವನೂ ಒಬ್ಬನೇ ಅಲ್ಲವಾದರೆ ಶಿಲುಬೆಯ ಮೇಲೆ ಸತ್ತವನು ಬರೀ ಇನ್ನೊಬ್ಬ ಮನುಷ್ಯನಾಗುತ್ತಾನೆ ಎಂಬುದು ಅವನ ಆತಂಕ.

431ರ ಎಫೆಸ ಮಹಾಸಭೆ ಯಾರಿಗೂ ಕೀರ್ತಿ ತರುವಂಥದ್ದಲ್ಲ. ಅಂತಿಯೋಕ್ಯದ ಬಿಷಪ್ಪರು ಬಂದು ಸೇರುವ ಮುನ್ನವೇ, ಜೂನ್ 22ರಂದು ಸಿರಿಲ್ ಸಭೆ ಆರಂಭಿಸಿ ನೆಸ್ಟೋರಿಯಸ್‌ನನ್ನು ಪದಚ್ಯುತಗೊಳಿಸಿದ. ಕೆಲವು ದಿನ ತಡವಾಗಿ ಬಂದವರು ತಮ್ಮದೇ ಸಭೆ ಸೇರಿಸಿ ಸಿರಿಲ್‌ನನ್ನು ಪದಚ್ಯುತಗೊಳಿಸಿದರು. ಚಕ್ರವರ್ತಿ ಇಬ್ಬರನ್ನೂ ಬಂಧನದಲ್ಲಿಟ್ಟ. ಸಿರಿಲ್‌ನ ಕಡೆಯಿಂದ ಆಸ್ಥಾನಿಕರಿಗೆ ಹೋದ ಚಿನ್ನ, ರತ್ನಗಂಬಳಿ, ದಂತದ ಪೀಠಗಳ ಪಟ್ಟಿ ಇಂದಿಗೂ ಉಳಿದಿದೆ. ನೆಸ್ಟೋರಿಯಸ್ ಕೊನೆಗೆ ಈಜಿಪ್ಟಿನ ಮರುಭೂಮಿಯ ಪಾಲಾದ. ಅಲ್ಲಿ ಕೂತು ಅವನು ಬರೆದ ಸಮರ್ಥನೆಯ ಸಿರಿಯಾಕ್ ಅನುವಾದ 19ನೆಯ ಶತಮಾನದ ಕೊನೆಗೆ ಬೆಳಕಿಗೆ ಬಂದಮೇಲೆ, ಅವನ ಮೇಲೆ ಹೊರಿಸಿದ ಸಿದ್ಧಾಂತ ನಿಜಕ್ಕೂ ಅವನದಾಗಿತ್ತೇ ಎಂದು ವಿದ್ವಾಂಸರು ಮತ್ತೆ ಕೇಳತೊಡಗಿದರು.

ಅತ್ತ ಕಾನ್‌ಸ್ಟಾಂಟಿನೋಪಲ್‌ನ ಮುದಿ ಮಠಾಧೀಶ ಯುಟಿಕೀಸ್ ವಿರುದ್ಧ ದಿಕ್ಕಿಗೆ ಜಗ್ಗಿದ: ಕೂಡುವ ಮುಂಚೆ ದೈವ, ಮಾನುಷ ಎಂಬ ಎರಡು ಸ್ವಭಾವ, ಕೂಡಿದ ಮೇಲೆ ಒಂದೇ. 449ರಲ್ಲಿ ಎಫೆಸದಲ್ಲೇ ಸೇರಿದ ಎರಡನೆಯ ಸಭೆ ಅವನನ್ನು ಎತ್ತಿಹಿಡಿಯಿತು. ಅಧ್ಯಕ್ಷತೆ ಅಲೆಕ್ಸಾಂಡ್ರಿಯಾದ ಡಯೊಸ್ಕೊರಸ್‌ನದು. ಯುಟಿಕೀಸ್‌ನನ್ನು ಖಂಡಿಸಿದ್ದ ಆರ್ಚ್‌ಬಿಷಪ್ ಫ್ಲೇವಿಯನ್ ಪದವಿಯನ್ನೂ, ಕೆಲಕಾಲದಲ್ಲೇ ಪ್ರಾಣವನ್ನೂ ಕಳೆದುಕೊಂಡ. ರೋಮ್‌ನ ಪೋಪ್ ಲಿಯೋ ಕಳಿಸಿದ ಪತ್ರವನ್ನು ಓದಲೇ ಬಿಡಲಿಲ್ಲ. ಲಿಯೋ ಅದಕ್ಕೆ 'ಕಳ್ಳರ ಸಭೆ' ಎಂದು ಹೆಸರಿಟ್ಟ.

ಮುಂದಿನ ತಿರುವು ತಂದದ್ದು ಒಂದು ಕುದುರೆ. 450ರ ಜುಲೈನಲ್ಲಿ ಚಕ್ರವರ್ತಿ ಎರಡನೆಯ ಥಿಯೊಡೋಸಿಯಸ್ ಕುದುರೆಯಿಂದ ಬಿದ್ದು ಸತ್ತ. ಅಕ್ಕ ಪುಲ್ಕೇರಿಯಾ ಮತ್ತು ಆಕೆ ಮದುವೆಯಾದ ಸೇನಾಧಿಕಾರಿ ಮಾರ್ಸಿಯನ್ 451ರ ಅಕ್ಟೋಬರ್‌ನಲ್ಲಿ ಚಾಲ್ಸಿಡನ್‌ನಲ್ಲಿ, ಎಂದರೆ ಇಂದಿನ ಇಸ್ತಾಂಬುಲ್‌ನ ಕಡಿಕೊಯ್‌ನಲ್ಲಿ, ಹೊಸ ಮಹಾಸಭೆ ಕೂಡಿಸಿದರು. ಈ ಬಾರಿ ಲಿಯೋನ ಪತ್ರ ಓದಲಾಯಿತು. ಹಸಿವು, ಬಾಯಾರಿಕೆ, ದಣಿವು, ನಿದ್ದೆ ಮನುಷ್ಯನವು. ಐದು ರೊಟ್ಟಿಯಲ್ಲಿ ಐದು ಸಾವಿರ ಜನರಿಗೆ ಉಣಿಸಿದ್ದು ದೇವರದು ಎಂದು ಅದು ವಿಂಗಡಿಸುತ್ತದೆ. ಒಬ್ಬನೇ ಕ್ರಿಸ್ತನ ಬಾಳನ್ನು ಎರಡು ಖಾತೆಗಳಲ್ಲಿ ಬರೆದಿಟ್ಟಂತೆ ಈಜಿಪ್ಟಿನವರಿಗೆ ಕಂಡಿದ್ದರೆ ಆಶ್ಚರ್ಯವಿಲ್ಲ.

ಹೊಸ ವಿಶ್ವಾಸ ಪ್ರಮಾಣ ಬರೆಯಲು ಬಿಷಪ್ಪರಿಗೆ ಮನಸ್ಸಿರಲಿಲ್ಲ. ಅರಮನೆಯ ಅಧಿಕಾರಿಗಳು ಪಟ್ಟು ಬಿಡಲಿಲ್ಲ. ಮೊದಲ ಕರಡಿನಲ್ಲಿ ಕ್ರಿಸ್ತನು 'ಎರಡು ಸ್ವಭಾವಗಳಿಂದ' ಎಂದಿತ್ತು. ರೋಮ್‌ನ ಪ್ರತಿನಿಧಿಗಳು ಎದ್ದು ಊರಿಗೆ ಹೊರಡುತ್ತೇವೆಂದರು. ಯಾಕೆಂದರೆ 'ಎರಡರಿಂದ' ಎಂಬುದನ್ನು ಡಯೊಸ್ಕೊರಸ್ ಕೂಡ ಒಪ್ಪುತ್ತಿದ್ದ. ಎರಡರಿಂದ ಆದದ್ದು ಈಗ ಒಂದೇ ಎಂದು ಹೇಳಲು ಅಲ್ಲಿ ಜಾಗವಿತ್ತು. ಕೊನೆಗೆ 'ಎರಡು ಸ್ವಭಾವಗಳಲ್ಲಿ' ಎಂದು ತಿದ್ದಿದರು. ಒಂದು ಪ್ರತ್ಯಯ ಬದಲಾದದ್ದಷ್ಟೇ, ಆದರೆ ಪೂರ್ವದ ಕ್ರೈಸ್ತರು ಆ ಸೀಳಿನಲ್ಲೇ ಇಬ್ಭಾಗವಾದರು. ಆ ಎರಡು ಸ್ವಭಾವಗಳು ಹೇಗೆ ಕೂಡಿವೆ ಎಂಬುದಕ್ಕೆ ಸಭೆ ಕೊಟ್ಟದ್ದು ನಾಲ್ಕು ನಿಷೇಧ: ಬೆರಕೆಯಾಗದೆ, ಮಾರ್ಪಡದೆ, ಒಡೆಯದೆ, ಅಗಲದೆ. ಹೇಗೆ ಕೂಡಿಲ್ಲ ಎಂದು ಹೇಳಿ ಸುಮ್ಮನಾದದ್ದೇ ಆ ಸಭೆಯ ಜಾಣತನ. ಅದನ್ನು ನುಣುಚಿಕೊಳ್ಳುವಿಕೆ ಎನ್ನುವವರೂ ಇದ್ದಾರೆ.

ಈಜಿಪ್ಟ್, ಸಿರಿಯಾಗಳ ದೊಡ್ಡ ಭಾಗ ಇದನ್ನು ಒಪ್ಪಲಿಲ್ಲ. ಅರ್ಮೇನಿಯಾವೂ ಮುಂದೆ ತಳ್ಳಿಹಾಕಿತು. 457ರಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ಚಾಲ್ಸಿಡನ್ ಪರವಾದ ಬಿಷಪ್ ಪ್ರೊಟೀರಿಯಸ್‌ನನ್ನು ಗುಂಪು ಕೊಂದುಹಾಕಿತು. ಕಾಪ್ಟಿಕ್, ಸಿರಿಯಾಕ್, ಅರ್ಮೇನಿಯನ್, ಇಥಿಯೋಪಿಯನ್, ಭಾರತದ ಮಲಂಕರ ಆರ್ಥೊಡಾಕ್ಸ್ ಸಭೆಗಳು (ಚರ್ಚುಗಳು) ಇಂದಿಗೂ ಚಾಲ್ಸಿಡನ್ ಅನ್ನು ಮಾನ್ಯಮಾಡಿಲ್ಲ. ಪರ್ಷಿಯಾದಲ್ಲಿ ಬೇರೂರಿದ ಪೂರ್ವದ ಸಭೆ ಎಫೆಸವನ್ನೇ ಒಪ್ಪದೆ ತನ್ನ ದಾರಿ ಹಿಡಿದು, ಚೀನಾದವರೆಗೂ ಹೋಯಿತು.

ಒಡಕನ್ನು ಬೆಸೆಯಲು ಚಕ್ರವರ್ತಿಗಳು ಏನೇನೋ ಮಾಡಿದರು. ಕೊನೆಯ ದೊಡ್ಡ ಪ್ರಯತ್ನ 638ರಲ್ಲಿ ಹೆರಾಕ್ಲಿಯಸ್‌ನದು: ಸ್ವಭಾವ ಎರಡಿರಲಿ, ಇಚ್ಛೆ ಮಾತ್ರ ಒಂದೇ ಎನ್ನೋಣ. ಮ್ಯಾಕ್ಸಿಮಸ್ ಎಂಬ ಸನ್ಯಾಸಿ ಇದನ್ನು ವಿರೋಧಿಸಿ ಬೆರಳಿಟ್ಟು ತೋರಿಸಿದ್ದು ಗೆತ್ಸೆಮನೆ ತೋಟದ ಪ್ರಾರ್ಥನೆಯನ್ನು. ಬಂಧನದ ಹಿಂದಿನ ಗಳಿಗೆಯಲ್ಲಿ ಯೇಸು, ಈ ಪಾತ್ರೆ ನನ್ನಿಂದ ದೂರವಾಗಲಿ, ಆದರೂ ನನ್ನ ಚಿತ್ತವಲ್ಲ, ನಿನ್ನ ಚಿತ್ತ ನೆರವೇರಲಿ ಎನ್ನುತ್ತಾನೆ. ಆತನಲ್ಲಿದ್ದದ್ದು ದೈವೀ ಇಚ್ಛೆಯೊಂದೇ ಆಗಿದ್ದರೆ ಈ ಪ್ರಾರ್ಥನೆ ನಾಟಕವಾಗುತ್ತದೆ. ಸಾವಿಗೆ ಹೆದರಿ ಹಿಂಜರಿದದ್ದು ನಿಜವಾದ ಮನುಷ್ಯನ ಇಚ್ಛೆ. ಕೊನೆಗೆ ಆಗಲಿ ಎಂದದ್ದೂ ಅದೇ ಇಚ್ಛೆ. ಮನುಷ್ಯಕುಲದ ಪರವಾಗಿ ಒಬ್ಬ ಮನುಷ್ಯ ಒಪ್ಪಿಗೆ ಕೊಟ್ಟದ್ದು ಅಲ್ಲಿ ಎಂದು ಮ್ಯಾಕ್ಸಿಮಸ್ ಓದಿದ. ಈ ಓದಿಗಾಗಿ ಅವನು ತೆತ್ತ ಬೆಲೆ ಘೋರ. 662ರಲ್ಲಿ, ಎಂಬತ್ತು ದಾಟಿದ್ದ ಆ ಮುದುಕನ ನಾಲಿಗೆಯನ್ನೂ ಬಲಗೈಯನ್ನೂ ಕತ್ತರಿಸಿ ಇಂದಿನ ಜಾರ್ಜಿಯಾದ ಕಡೆಗೆ ಗಡಿಪಾರು ಮಾಡಿದರು. ಅದೇ ವರ್ಷ ಸತ್ತ. 680–681ರ ಮಹಾಸಭೆ ಅವನ ನಿಲುವನ್ನೇ ಅಂಗೀಕರಿಸಿತು. ವಿಪರ್ಯಾಸವೆಂದರೆ, ಯಾರನ್ನು ಓಲೈಸಲು 'ಒಂದೇ ಇಚ್ಛೆ'ಯ ರಾಜಿಸೂತ್ರ ಹುಟ್ಟಿತೋ ಆ ಸಿರಿಯಾ, ಈಜಿಪ್ಟ್‌ಗಳು ಅಷ್ಟರಲ್ಲಿ ಅರಬರ ಕೈಸೇರಿ ದಶಕಗಳಾಗಿದ್ದವು.

ಆಮೇಲಿನದು ಇದೇ ಮಾತಿನ ಕವಲುಗಳು. 787ರಲ್ಲಿ ಎರಡನೆಯ ನೈಸಿಯಾ ಸಭೆ ಕ್ರಿಸ್ತನ ಚಿತ್ರ ಬರೆಯಬಹುದೆಂದದ್ದರ ಹಿಂದೆ, ನಿಜವಾಗಿ ಮನುಷ್ಯನಾದವನನ್ನು ಚಿತ್ರಿಸಲೂ ಬರುತ್ತದೆ ಎಂಬ ವಾದವಿತ್ತು. 1529ರಲ್ಲಿ ಮಾರ್ಬರ್ಗ್‌ನಲ್ಲಿ ಪ್ರೊಟೆಸ್ಟಂಟ್ ಸುಧಾರಕರಾದ ಲೂಥರ್ ಮತ್ತು ಜ್ವಿಂಗ್ಲಿ ಮುರಿದುಕೊಂಡದ್ದೂ, ಸ್ವರ್ಗಕ್ಕೇರಿದ ಮಾನವದೇಹ ಪ್ರಭುಭೋಜನದ ರೊಟ್ಟಿಯಲ್ಲಿ ಇರಬಲ್ಲುದೇ ಎಂಬಲ್ಲಿ. ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರೆಂಬ ತ್ರಯೇಕತ್ವವನ್ನು ನಿರಾಕರಿಸಿದ ಸರ್ವೇಟಸ್‌ನನ್ನು 1553ರಲ್ಲಿ ಜಿನೀವಾದಲ್ಲಿ ಸುಟ್ಟರು. 19ನೆಯ ಶತಮಾನದಲ್ಲಿ ಜರ್ಮನಿಯ ವಿದ್ವಾಂಸರು ಸುವಾರ್ತೆಗಳನ್ನು ಇತರ ಹಳೆಯ ದಾಖಲೆಗಳಂತೆಯೇ ಪರೀಕ್ಷೆಗೊಡ್ಡಿದಾಗ, ಹಸಿದ, ಕಣ್ಣೀರಿಟ್ಟ ಗಲಿಲಾಯದ ಯೇಸುವಿನ ಬಗ್ಗೆ ಹೆಚ್ಚಿನವರಿಗೆ ತಕರಾರು ಉಳಿಯಲಿಲ್ಲ. ವಿವರಣೆ ಬೇಕಾದದ್ದು ಉಳಿದ ಅರ್ಧಕ್ಕೆ.

ಹಳೆಯ ಗಾಯಗಳಿಗೆ ಮದ್ದು ಹುಡುಕಿದ್ದು 20ನೆಯ ಶತಮಾನ. 1973ರಲ್ಲಿ ಪೋಪ್ ಆರನೆಯ ಪೌಲ್ ಮತ್ತು ಕಾಪ್ಟಿಕ್ ಪೋಪ್ ಮೂರನೆಯ ಶೆನೂಡಾ, ಕ್ರಿಸ್ತನು ಪೂರ್ಣ ದೇವರು, ಪೂರ್ಣ ಮನುಷ್ಯ ಎಂಬ ಜಂಟಿ ಘೋಷಣೆಗೆ ಸಹಿ ಹಾಕಿದರು. 1994ರಲ್ಲಿ ಎರಡನೆಯ ಜಾನ್ ಪೌಲ್ ಮತ್ತು ಅಸ್ಸೀರಿಯನ್ ಪೂರ್ವದ ಸಭೆಯ ನಾಲ್ಕನೆಯ ಮಾರ್ ದಿನ್ಖಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 'ದೇವಮಾತೆ', 'ಕ್ರಿಸ್ತಮಾತೆ' ಎರಡೂ ಸರಿಯೇ ಎಂದು ಬರೆದುಕೊಟ್ಟರು. ಸೂತ್ರಗಳ ಜಗಳ ಹೀಗೆ ಹೆಚ್ಚೂಕಡಿಮೆ ತೀರಿದೆ. ತೀರದೆ ಉಳಿದಿರುವುದು ಹೆಸರುಗಳದು. ಚಾಲ್ಸಿಡನ್ ಕೆಳಗಿಳಿಸಿದ ಡಯೊಸ್ಕೊರಸ್ ಕಾಪ್ಟಿಕ್ ಸಭೆಗೆ ಸಂತ. ಕಾಪ್ಟಿಕ್ ಸಭೆ ತಿರಸ್ಕರಿಸಿದ ಪತ್ರ ಬರೆದ ಲಿಯೋ ರೋಮ್‌ಗೂ ಗ್ರೀಕ್ ಆರ್ಥೊಡಾಕ್ಸರಿಗೂ ಸಂತ. ಎಫೆಸ ಹೊರಹಾಕಿದ ನೆಸ್ಟೋರಿಯಸ್‌ನನ್ನು ಪೂರ್ವದ ಸಭೆ ಇಂದಿಗೂ ತನ್ನ ಆಚಾರ್ಯರ ಸಾಲಿನಲ್ಲಿ ನೆನೆಯುತ್ತದೆ. ಶಾಪ ಹೊತ್ತವರನ್ನು ಹೇಗೆ ಬಿಡಿಸುವುದು, ಮಹಾಸಭೆ ಹಾಕಿದ ಶಾಪವನ್ನು ಹಿಂತೆಗೆಯಲು ಯಾರಿಗೆ ಅಧಿಕಾರ ಎಂಬಲ್ಲಿಗೆ ಬಂದಾಗಲೆಲ್ಲ ಮಾತುಕತೆ ಮೇಜಿನಿಂದ ಮೇಜಿಗೆ ಮುಂದೂಡಿಕೆಯಾಗುತ್ತಿದೆ.